ಕಾರಿನ ಮೀಟರ್ ಕತ್ತಲಾದ್ರೆ ಮೊದ್ಲು ಗಾಡಿ ಹಿಂದೆ ಹೋಗಿ ನೋಡಿ

ಮೇ ಕೊನೆ ವಾರ, ಮಳೆ ಇನ್ನೂ ಸರಿಯಾಗಿ ಹಿಡಿದಿರ್ಲಿಲ್ಲ. ಕುಮಟಾದಲ್ಲಿ ಹೈವೇ ಪಕ್ಕ ಸಿಹಿ ಈರುಳ್ಳಿ ಜಡೆ ತಗೊಂಡು ಡಿಕ್ಕಿಗೆ ತುಂಬಿ, ಬಾಗಿಲು ಹಾಕೋಕೆ ಆಗದೆ ಭಾವ ಮೈಮೇಲೆ ಬಿದ್ದು ಒತ್ತಿ ಹಾಕಿದ್ರು, ಅಲ್ಲಿಂದ ಶಿರಸಿಗೆ ಹೊರಟ್ವಿ. ದೇವಿಮನೆ ಘಟ್ಟ ಹತ್ತೋಕೆ ಶುರು ಮಾಡಿದ್ದಷ್ಟೇ, ಮಳೆ ಬಂತು, ಮಂಜು ಬಂತು, ಮೀಟರ್ ಕಪ್ಪಗಾಯ್ತು. ಹೆಡ್‌ಲೈಟ್ ಉರೀತಾ ಇದೆ, ವೈಪರ್ ಓಡ್ತಾ ಇದೆ, ಇಂಜಿನ್ ಆರಾಮಾಗಿದೆ, ಆದ್ರೆ ಸ್ಪೀಡ್ ಎಷ್ಟು ಪೆಟ್ರೋಲ್ ಎಷ್ಟು ಎಂತದೂ ಕಾಣೋದಿಲ್ಲ. ಭಾವ ಮೊಬೈಲ್ ಟಾರ್ಚ್ ಹಾಕಿ ಮೀಟರ್ ಮೇಲೆ ಹಿಡಿದ್ರು, ಅದು ಗ್ಲಾಸಿಗೆ ಹೊಡೆದು ನನ್ನ ಕಣ್ಣಿಗೇ ಬಂತು. "ಬಿಡಿ ಭಾವ, ಘಟ್ಟದಲ್ಲಿ ಎಂತಾ ಸ್ಪೀಡು, ಹೆಂಗೂ ಸೆಕೆಂಡ್ ಗೇರು" ಅಂದು ಹಂಗೇ ಹತ್ತಿಸ್ತಾ ಇದ್ದೆ.

ಎರಡು ತಿರುವು ಕಳೆದ ಮೇಲೆ ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡ್ಕೊಂಡು ಪಕ್ಕಕ್ಕೆ ಬಂತು. ಡ್ರೈವರ್ ಕಿಟಕಿಯಿಂದ ಬಗ್ಗಿ, "ಹೋಯ್, ಹಿಂದೆ ಲೈಟೇ ಇಲ್ಲ ಮಾರಾಯಾ, ಮಂಜಲ್ಲಿ ನಿನ್ ಗಾಡಿ ಕಾಣ್ಸೋದೇ ಇಲ್ಲ!" ಅಂತ ಬೈದು ಮುಂದೆ ಹೋದ.

ಆವಾಗ್ಲೇ ನಂಗೆ ತಿಳೀಬೇಕಿತ್ತು. ತಿಳೀಲಿಲ್ಲ. ಮಾರನೇ ದಿನ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡ್ಕೊಂಡು ಸೀದಾ ಮೀಟರ್ ಬಿಚ್ಚೋಕೆ ಕೂತೆ, ಒಂದು ಕ್ಲಿಪ್ ಮುರಿದೆ, ಎರಡೂವರೆ ಗಂಟೆ ಹಾಳು ಮಾಡಿದೆ, ಬಲ್ಬ್ ನೋಡಿದ್ರೆ ಎಲ್ಲಾ ನೆಟ್ಟಗಿದ್ವು. ತಪ್ಪು ಇದ್ದದ್ದು ಮೀಟರಿನಿಂದ ಮೂರು ಮೀಟರ್ ಹಿಂದೆ, ಡಿಕ್ಕಿ ಬಾಗಿಲಲ್ಲಿ. ಹಂಗಾಗಿ ಇದನ್ನ ಬರೀತಾ ಇರೋದು, ನೀವಾದ್ರೂ ಹಿಂದಿನಿಂದ ಶುರು ಮಾಡಿ ಅಂತ.

ಮೀಟರ್ ಲೈಟಿಗೂ ಹಿಂದಿನ ಲೈಟಿಗೂ ಎಂತಾ ಸಂಬಂಧ

ಬಹಳಷ್ಟು ಕಾರುಗಳಲ್ಲಿ, ಅದರಲ್ಲೂ ಹತ್ತು ಹದಿನೈದು ವರ್ಷ ಹಳೇವುಗಳಲ್ಲಿ, ಮೀಟರ್ ಒಳಗಿನ ಬೆಳಕಿಗೆ ಬೇರೆ ಸ್ವಿಚ್ ಅಂತ ಇರೋದಿಲ್ಲ. ಲೈಟಿನ ಕಡ್ಡಿ ಒಂದು ಹಂತ ತಿರುಗಿಸಿದ್ರೆ ಮುಂದಿನ ಪಾರ್ಕಿಂಗ್ ಲೈಟು, ಹಿಂದಿನ ಕೆಂಪು ಟೇಲ್ ಲೈಟು, ನಂಬರ್ ಪ್ಲೇಟ್ ಲೈಟು, ಮೀಟರ್, ಎಸಿ ಬಟನ್ನಿನ ಬೆಳಕು, ಸ್ಟೀರಿಯೋ ಬಟನ್ನಿನ ಬೆಳಕು ಎಲ್ಲಾ ಒಟ್ಟಿಗೇ ಹತ್ಕೊಳ್ತವೆ. ಎಲ್ಲದಕ್ಕೂ ಕರೆಂಟ್ ಒಂದೇ ಕಡೆಯಿಂದ, ಎಷ್ಟೋ ಗಾಡಿಯಲ್ಲಿ ಒಂದೇ ಫ್ಯೂಸಿಂದ. ಹೆಡ್‌ಲೈಟಿನ ಫ್ಯೂಸು ಬೇರೆ, ಅದಕ್ಕೇ ನಂಗೆ ಮುಂದೆ ರಸ್ತೆ ಕಾಣ್ತಿತ್ತು, ಹಿಂದಿನವ್ರಿಗೆ ನಾನು ಕಾಣ್ತಿರ್ಲಿಲ್ಲ. ಮೀಟರ್ ಕತ್ತಲಾದ್ರೆ ಸ್ಪೀಡ್ ಕಾಣೋದಿಲ್ಲ ಅನ್ನೋದು ಸಣ್ಣ ತೊಂದ್ರೆ, ಹಿಂದೆ ದೀಪ ಇಲ್ದೆ ಘಟ್ಟದಲ್ಲಿ ಲಾರಿ ಮುಂದೆ ಹೋಗೋದು ದೊಡ್ಡದು.

ರಸ್ತೆಯಲ್ಲೇ ಇದು ಆದ್ರೆ ಜಾಗ ಇರೋ ಕಡೆ ಪೂರ್ತಿ ಪಕ್ಕಕ್ಕೆ ತಗೊಳ್ಳಿ, ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೇ ಮಿನುಗೋದು) ಹಾಕಿ, ಇಳಿದು ನೋಡಿ. ಹಜಾರ್ಡಿನ ಫ್ಯೂಸ್ ಸಾಮಾನ್ಯವಾಗಿ ಬೇರೆಯೇ, ಅದು ಹತ್ತತದೆ. ಟೇಲ್ ಲೈಟ್ ಇಲ್ಲ ಅಂದ್ರೆ ಫ್ಯೂಸ್ ಬದಲಿಸದೆ ಮುಂದೆ ಹೋಗ್ಬೇಡಿ.

ಮೊದ್ಲು ಯಾವ ಲೈಟು ಹೋಗಿದ್ದು ಅಂತ ನೋಡ್ಕೊಳ್ಳಿ

"ಮೀಟರ್ ಲೈಟ್ ಹೋಗಿದೆ" ಅಂತ ಜನ ಹೇಳೋದ್ರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇದಾವೆ.

ಒಂದನೇದು, ಹಗಲು ಎಲ್ಲಾ ಸರಿ ಇರ್ತದೆ, ಮುಳ್ಳು ಓಡ್ತದೆ, ರಾತ್ರಿ ಮಾತ್ರ ಮೀಟರ್ ಒಳಗಿನ ಬೆಳಕು ಬರೋದಿಲ್ಲ. ಈ ಬರಹದ ಮುಕ್ಕಾಲು ಭಾಗ ಇದರ ಬಗ್ಗೆಯೇ.

ಎರಡನೇದು, ಕೀ ಆನ್ ಮಾಡಿದಾಗ ಹತ್ತಬೇಕಾದ ಎಚ್ಚರಿಕೆ ದೀಪಗಳು, ಅಂದ್ರೆ ಆಯಿಲ್, ಬ್ಯಾಟರಿ, ಚೆಕ್ ಇಂಜಿನ್, ಏರ್‌ಬ್ಯಾಗ್, ಇವುಗಳಲ್ಲಿ ಒಂದೋ ಎರಡೋ ಹತ್ತೋದೇ ಇಲ್ಲ. ಇದು ಮೀಟರ್ ಬೆಳಕಿಗಿಂತ ಗಂಭೀರ, ಕೆಳಗೆ ಬೇರೆಯಾಗಿ ಬರ್ದಿದೀನಿ.

ಮೂರನೇದು, ಮುಳ್ಳೂ ಇಲ್ಲ ಲೈಟೂ ಇಲ್ಲ, ಪೂರ್ತಿ ಮೀಟರ್ ಸತ್ತಂಗೆ. ಇದು ಬಲ್ಬಿನ ವಿಷ್ಯ ಅಲ್ಲವೇ ಅಲ್ಲ, ಮೀಟರಿಗೆ ಬರೋ ಕೀ-ಆನ್ ಕರೆಂಟಿನ ಫ್ಯೂಸು, ಅರ್ಥ್ (ಗಾಡಿಯ ಬಾಡಿಗೆ ಜೋಡಿಸಿರೋ ಮೈನಸ್ ವೈರು), ಇಲ್ಲಾ ಮೀಟರ್ ಬೆನ್ನಿಗೆ ವೈರುಗಳನ್ನ ಸಿಕ್ಕಿಸೋ ಕಪ್ಲರ್ ಸಡಿಲ. ಬ್ಯಾಟರಿ ವೀಕ್ ಆದ್ರೂ ಸೆಲ್ಫ್ ಹೊಡೆಯುವಾಗ ಮೀಟರ್ ಮಿಣಮಿಣ ಅಂತದೆ, ಅದಕ್ಕೆ ಮೀಟರ್ ಬಿಚ್ಚೋಕೆ ಹೋಗ್ಬೇಡಿ, ಬ್ಯಾಟರಿ ಟರ್ಮಿನಲ್ ಕ್ಲೀನ್ ಮಾಡಿ ಗಟ್ಟಿ ಮಾಡಿ ನೋಡಿ.

ಡಿಮ್ಮರ್

ನಗಬೇಡಿ, ಇದು ಬಹಳ ಸಲ ಆಗ್ತದೆ. ಮೀಟರ್ ಬೆಳಕು ಹೆಚ್ಚು ಕಮ್ಮಿ ಮಾಡೋಕೆ ಒಂದು ಚಕ್ರನೋ ಬಟನ್ನೋ ಇರ್ತದೆ. ಕೆಲವು ಗಾಡಿಯಲ್ಲಿ ಸ್ಟೇರಿಂಗ್ ಬಲಗಡೆ ಸಣ್ಣ ಚಕ್ರ, ಕೆಲವ್ರಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡೋ ಅದೇ ಕಡ್ಡಿ ತಿರುಗಿಸೋದು. ಕಾರ್ ತೊಳೆಯೋ ಹುಡುಗ ಡ್ಯಾಶ್‌ಬೋರ್ಡ್ ಒರೆಸುವಾಗ, ಇಲ್ಲಾ ಮನೇಲಿ ಮಕ್ಕಳು ಡ್ರೈವರ್ ಸೀಟಲ್ಲಿ ಕೂತು ಆಡುವಾಗ ಅದು ಪೂರ್ತಿ ಕೆಳಗೆ ಹೋಗಿರ್ತದೆ. ಪಾರ್ಕಿಂಗ್ ಲೈಟ್ ಹಾಕಿ, ಅದನ್ನ ಎರಡೂ ಕಡೆ ಕೊನೆ ತನಕ ತಿರುಗಿಸಿ ನೋಡಿ. 0, 1, 2, 3 ಅಂತ ಬರೆದಿರೋ ಚಕ್ರ ಹೆಡ್‌ಲೈಟ್ ಮೇಲೆ ಕೆಳಗೆ ಮಾಡೋಕೆ ಇರೋದು, ಡಿಮ್ಮರ್ ಅಲ್ಲ.

ಹೊಸ ಗಾಡಿಗಳಲ್ಲಿ ಇನ್ನೊಂದು ಮಜಾ, ಪಾರ್ಕಿಂಗ್ ಲೈಟ್ ಹಾಕಿದ ಕೂಡ್ಲೇ ಮೀಟರ್ ತಾನೇ ಮಂಕಾಗ್ತದೆ, ರಾತ್ರಿ ಕಣ್ಣಿಗೆ ಹೊಡೀಬಾರ್ದು ಅಂತ. ಹಗಲು ಲೈಟ್ ಹಾಕ್ಕೊಂಡು "ಮೀಟರ್ ಹೋಯ್ತು" ಅನ್ನೋರು ಇದಾರೆ.

ಗಾಡಿಗೆ ಒಂದು ಸುತ್ತು

ಸಂಜೆ ಹೊತ್ತು ಒಂಚೂರು ಕತ್ತಲಾದ ಮೇಲೆ ಗಾಡಿ ಅಂಗಳದಲ್ಲಿ ನಿಲ್ಸಿ, ಪಾರ್ಕಿಂಗ್ ಲೈಟ್ ಮಾತ್ರ ಹಾಕಿ, ಇಳಿದು ಸುತ್ತು ಹೊಡೀರಿ. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟು. ಆಮೇಲೆ ಒಳಗೆ ಕೂತು ಎಸಿ ಬಟನ್, ಸ್ಟೀರಿಯೋ ಬಟನ್ ನೋಡಿ. ಈ ಎರಡು ನಿಮಿಷದಲ್ಲಿ ಅರ್ಧ ರೋಗ ಗೊತ್ತಾಗ್ತದೆ.

ಹೊರಗೂ ಒಳಗೂ ಯಾವುದೂ ಹತ್ತದಿದ್ರೆ ಫ್ಯೂಸು, ಇಲ್ಲಾ ಲೈಟಿನ ಸ್ವಿಚ್ಚು. ಸ್ವಿಚ್ ಕಡ್ಡಿ ಅಲುಗಾಡಿಸಿದಾಗ ಲೈಟ್ ಬಂದು ಹೋಗಿ ಮಾಡಿದ್ರೆ, ಇಲ್ಲಾ ಅಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದ್ರೆ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ ಅಂತ ಲೆಕ್ಕ. ಹಿಂದೆ ಒಂದೇ ಕಡೆಯ ಟೇಲ್ ಲೈಟ್ ಜೊತೆ ಮೀಟರೂ ಹೋಗಿದ್ರೆ ಮತ್ತೂ ಫ್ಯೂಸೇ, ಯಾಕಂದ್ರೆ ಕೆಲವು ಗಾಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇಟ್ಟು, ಒಳಗಿನ ಬೆಳಕನ್ನ ಯಾವುದೋ ಒಂದಕ್ಕೆ ಜೋಡಿಸಿರ್ತಾರೆ. ಹೊರಗೆಲ್ಲಾ ಹತ್ತಿ ಒಳಗೆ ಮೀಟರ್, ಎಸಿ, ಸ್ಟೀರಿಯೋ ಎಲ್ಲಾ ಕತ್ತಲಾದ್ರೆ ಡಿಮ್ಮರ್ ಇಲ್ಲಾ ಒಳಗಿನ ಬೆಳಕಿಗೇ ಇರೋ ಬೇರೆ ಫ್ಯೂಸು. ಎಲ್ಲಾ ಹತ್ತಿ ಮೀಟರ್ ಒಂದೇ ಕತ್ತಲಾ, ಇಲ್ಲಾ ಮೀಟರಲ್ಲೂ ಅರ್ಧ ಭಾಗ ಕತ್ತಲಾ, ಆವಾಗ ಮಾತ್ರ ಸ್ಕ್ರೂಡ್ರೈವರ್ ತಗೊಳ್ಳಿ.

ಫ್ಯೂಸ್

ಫ್ಯೂಸ್ ಡಬ್ಬ ಸಾಮಾನ್ಯವಾಗಿ ಎರಡು ಕಡೆ, ಸ್ಟೇರಿಂಗ್ ಕೆಳಗೆ ಬಲ ಮೊಣಕಾಲಿನ ಹತ್ರ ಒಂದು, ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಒಂದು. ಮುಚ್ಚಳದ ಒಳಮೈಯಲ್ಲಿ ನಕ್ಷೆ ಇರ್ತದೆ. ಟೇಲ್, ಇಲ್ಯುಮಿನೇಷನ್, ಪೊಸಿಷನ್, ಮೀಟರ್, ಹೀಗೆ ಏನಾದ್ರೂ ಬರೆದಿರ್ತಾರೆ. ಬಹಳ ಗಾಡಿಯಲ್ಲಿ ಇದು 10 ಆಂಪಿಯರಿಂದು, ಕೆಂಪು ಬಣ್ಣ, ಇಲ್ಲಾ 15ರದ್ದು, ನೀಲಿ ಬಣ್ಣ. 7.5 ಅಂದ್ರೆ ಕಂದು, 20 ಹಳದಿ, 30 ಹಸಿರು.

ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು ನೋಡಿದ್ರೆ ಒಳಗಿನ ತಂತಿ ತುಂಡಾಗಿದ್ದು ಕಾಣ್ತದೆ, ಆದ್ರೆ ಯಾವಾಗ್ಲೂ ಅಲ್ಲ, ಕೂದಲೆಳೆ ಬಿರುಕು ಕಣ್ಣಿಗೆ ಬೀಳೋದಿಲ್ಲ. ಟೆಸ್ಟ್ ಲ್ಯಾಂಪ್, ಅಂದ್ರೆ ಕರೆಂಟ್ ಇದ್ದ ಕಡೆ ಮುಟ್ಟಿಸಿದ್ರೆ ಹತ್ತೋ ಸಣ್ಣ ಬಲ್ಬಿನ ಕಡ್ಡಿ, ಇದ್ರೆ ಕೀಳೋದೂ ಬೇಡ. ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಕಾಣ್ತವೆ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನ ಬಾಡಿಗೆ ಹಾಕಿ, ಪಾರ್ಕಿಂಗ್ ಲೈಟ್ ಆನ್ ಮಾಡಿ, ಎರಡೂ ಚುಕ್ಕಿ ಮುಟ್ಟಿ. ಎರಡರಲ್ಲೂ ಹತ್ತಿದ್ರೆ ಫ್ಯೂಸ್ ಸರಿ. ಒಂದರಲ್ಲೇ ಹತ್ತಿದ್ರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಹತ್ತದಿದ್ರೆ ಫ್ಯೂಸಿನ ತನಕ ಕರೆಂಟೇ ಬರ್ತಾ ಇಲ್ಲ, ಸ್ವಿಚ್ ಕಡೆ ನೋಡಿ.

ಬದಲಿಸುವಾಗ ಅಷ್ಟೇ ಆಂಪಿಯರಿಂದು ಹಾಕಿ. "10ರದ್ದು ಪದೇ ಪದೇ ಹೋಗ್ತದೆ, 20 ಹಾಕ್ದೆ, ಈಗ ಆರಾಮು" ಅನ್ನೋ ಜನ ನಮ್ಮೂರಲ್ಲೂ ಇದಾರೆ. ಅದು ಆರಾಮಲ್ಲ, ಫ್ಯೂಸ್ ಬದ್ಲು ವೈರ್ ಸುಡ್ತದೆ, ಅದೂ ಕಾರ್ಪೆಟ್ ಅಡಿಯಲ್ಲಿ. ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಹಾಕೋ ವಿಷ್ಯ ನಾನು ಮಾತೇ ಆಡೋದಿಲ್ಲ.

ಹೊಸ ಫ್ಯೂಸೂ ಹಾರಿದ್ರೆ

ನನ್ನ ಕಥೆ ಇದೇ. ಫ್ಯೂಸ್ ಹಾಕಿದೆ, ಲೈಟ್ ಆನ್ ಮಾಡಿದೆ, ಟಿಕ್ ಅಂತ ಹೋಯ್ತು. ಇನ್ನೊಂದು ಹಾಕಿದೆ, ಅದೂ ಹೋಯ್ತು. ಮೂರನೇದು ಹಾಕೋ ಮುಂಚೆ ನಿಲ್ಸಿ ಯೋಚ್ನೆ ಮಾಡಿ, ಎಲ್ಲೋ ಒಂದು ವೈರ್ ಬಾಡಿಗೆ ತಾಗ್ತಾ ಇದೆ, ಅದೇ ಶಾರ್ಟ್.

ಇದನ್ನ ಹುಡುಕೋಕೆ ಹಳೇ ಎಲೆಕ್ಟ್ರಿಷನ್‌ಗಳ ಒಂದು ಉಪಾಯ ಇದೆ. ಬ್ರೇಕ್ ಲೈಟಿಗೆ ಹಾಕೋ 12 ವೋಲ್ಟ್ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ಫ್ಯೂಸ್ ಕೂರೋ ಜಾಗದಲ್ಲಿ ಆ ಎರಡು ವೈರ್ ಸಿಕ್ಕಿಸಿ. ಪಾರ್ಕಿಂಗ್ ಲೈಟ್ ಆನ್ ಮಾಡಿದ್ರೆ ಶಾರ್ಟ್ ಇರೋ ತನಕ ಈ ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರೀತದೆ, ಬೇರೆ ಯಾವ ಲೈಟೂ ಹತ್ತೋದಿಲ್ಲ. ಫ್ಯೂಸ್ ಸುಡೋದಿಲ್ಲ, ಬಲ್ಬ್ ಕರೆಂಟನ್ನ ಹಿಡಿದಿಟ್ಕೊಳ್ತದೆ. ಈಗ ಒಂದೊಂದೇ ಕಡೆ ಹೋಗಿ ಕಪ್ಲರ್ ಬಿಚ್ಚಿ, ವೈರ್ ಅಲುಗಾಡಿಸಿ. ಶಾರ್ಟ್ ತಪ್ಪಿದ ಕ್ಷಣ ನಿಮ್ಮ ಬಲ್ಬು ಮಂಕಾಗಿ, ಪಾರ್ಕಿಂಗ್ ಲೈಟುಗಳು ಅರ್ಧಂಬರ್ಧ ಹತ್ಕೊಳ್ತವೆ. ಅಲ್ಲೇ ಕಳ್ಳ. ಬಲ್ಬ್ ಬಿಸಿಯಾಗ್ತದೆ, ಸೀಟಿನ ಬಟ್ಟೆ ಮೇಲೆ ಇಡ್ಬೇಡಿ, ಕೆಳಗೊಂದು ಸ್ಟೀಲ್ ತಟ್ಟೆ ಇಡಿ.

ಎಲ್ಲೆಲ್ಲಿ ಹುಡುಕೋದು? ನನ್ನ ಅನುಭವದಲ್ಲಿ ಈ ನಾಲ್ಕು ಕಡೆ.

ಮೊದಲನೇದು ಡಿಕ್ಕಿ ಬಾಗಿಲ ಹಿಂಜು, ಅಂದ್ರೆ ಕೀಲು. ಬಾಡಿಯಿಂದ ಬಾಗಿಲಿಗೆ ಹೋಗೋ ವೈರುಗಳು ಒಂದು ಕಪ್ಪು ರಬ್ಬರ್ ಕೊಳವೆ ಒಳಗೆ ಇರ್ತವೆ. ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ, ವರ್ಷಗಟ್ಟಲೆ ಮಡಚಿ ಮಡಚಿ, ವೈರಿನ ಮೇಲಿನ ಪ್ಲಾಸ್ಟಿಕ್ ಬಿರಿದು ತಾಮ್ರ ಹೊರಗೆ ಬಂದಿರ್ತದೆ. ನನ್ನ ಗಾಡಿಯಲ್ಲಿ ನಂಬರ್ ಪ್ಲೇಟ್ ಲೈಟಿನ ವೈರು ಹೀಗೇ ಬೋಳಾಗಿ, ಬಾಗಿಲ ತಗಡಿಗೆ ತಾಗಿ, ತಾಗಿದ ಕಡೆ ಸಾಸಿವೆ ಕಾಳಿನಷ್ಟು ಕಪ್ಪು ಕಲೆ ಬಿದ್ದಿತ್ತು. ರಬ್ಬರ್ ಎಳೆದು ಹಿಂದೆ ಸರಿಸಿದ್ರೆ ಒಳಗೆ ಆರು ವೈರ್, ಅದ್ರಲ್ಲಿ ಮೂರು ಬಿರಿದಿದ್ವು. ಈರುಳ್ಳಿ ಜಡೆ ಮೇಲೆ ಭಾವ ಬಾಗಿಲು ಒತ್ತಿದ್ದೇ ಕೊನೇ ಏಟು ಅಂತ ನಾನು ಹೇಳ್ತೀನಿ, ಅವ್ರು ಇವತ್ತಿಗೂ ಒಪ್ಪೋದಿಲ್ಲ.

ಎರಡನೇದು ಟೇಲ್ ಲೈಟ್ ಹೋಲ್ಡರ್. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಕಡೆ ಟೇಲ್ ಲೈಟಿನ ಗ್ಯಾಸ್ಕೆಟ್ (ನೀರು ತಡೆಯೋ ರಬ್ಬರ್ ಪಟ್ಟಿ) ಒಣಗಿ ಸಂದಿ ಬಿಟ್ರೆ ನೀರು ಒಳಗೆ ಬಂದೇ ಬರ್ತದೆ. ಹೋಲ್ಡರ್ ತೆಗೆದ್ರೆ ಹಸಿರು ಪುಡಿ, ಅಂದ್ರೆ ಕಿಲುಬು ಕಾಣ್ತದೆ.

ಮೂರನೇದು ಸ್ಟೀರಿಯೋ ಹಿಂದೆ. ಹೊರಗಡೆ ಸ್ಟೀರಿಯೋ ಹಾಕ್ಸಿದ ಮೇಲೆ ಮೀಟರ್ ಲೈಟ್ ಹೋಯ್ತು ಅಂದ್ರೆ ಬೇರೆಲ್ಲೂ ಹುಡುಕ್ಬೇಡಿ. ಹೊರಗಿನ ಸ್ಟೀರಿಯೋಗಳಲ್ಲಿ ಕಿತ್ತಳೆ ಬಣ್ಣದ ವೈರು ಸಾಮಾನ್ಯವಾಗಿ ಇಲ್ಯುಮಿನೇಷನ್ನಿಂದು, ಅಂದ್ರೆ ಬೆಳಕಿಂದು, ಅದನ್ನ ಗಾಡಿಯ ಪಾರ್ಕಿಂಗ್ ಲೈಟಿನ ವೈರಿಗೆ ಜೋಡಿಸ್ತಾರೆ. ಅವಸರದಲ್ಲಿ ಅದನ್ನ ಅರ್ಥಿಗೆ ಸುತ್ತಿದ್ರೂ, ಬೋಳು ತುದಿ ಹಾಗೇ ಬಿಟ್ರೂ ಫ್ಯೂಸ್ ಹಾರ್ತದೆ.

ನಾಲ್ಕನೇದು ಇಲಿ. ಅಡಿಕೆ ಅಂಗಳ, ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸೋರಿಗೆ ಇದನ್ನ ಹೇಳೋದೇ ಬೇಡ, ಮಳೆ ಶುರುವಾದ್ರೆ ಇಲಿಗೆ ಬೆಚ್ಚಗಿನ ಜಾಗ ಅಂದ್ರೆ ಬಾನೆಟ್ ಒಳಗೇ.

ಕಡಿದ ವೈರ್ ಜೋಡಿಸುವಾಗ ಬರೇ ತಿರುಚಿ ಕಪ್ಪು ಟೇಪ್ ಸುತ್ತಿದ್ರೆ ನಮ್ಮ ತೇವಕ್ಕೆ ಒಂದೇ ಮಳೆಗಾಲ, ಟೇಪಿನ ಗಮ್ ಜಾರಿ ಬಿಚ್ಕೊಳ್ತದೆ. ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗೋ ಸ್ಲೀವ್ ಹಾಕಿ. ಸ್ಲೀವನ್ನ ಬೆಸುಗೆ ಹಾಕೋ ಮುಂಚೆ ವೈರಿಗೆ ತೂರಿಸಿಟ್ಕೊಳ್ಳಿ, ಎಲ್ಲರೂ ಒಂದ್ಸಲ ಮರೆತು ಮತ್ತೆ ಬೆಸುಗೆ ಬಿಚ್ಚಿರ್ತಾರೆ. ಹಿಂಜಿನ ಹತ್ರ ಮಾತ್ರ ಬೆಸುಗೆ ಮಡಚೋ ಜಾಗದಲ್ಲೇ ಬರಬಾರ್ದು, ಅಲ್ಲಿ ಗಟ್ಟಿಯಾಗಿ ಮತ್ತೆ ತುಂಡಾಗ್ತದೆ. ಸ್ವಲ್ಪ ಉದ್ದ ಹೊಸ ವೈರ್ ಸೇರಿಸಿ ಜಾಯಿಂಟನ್ನ ಮಡಚದ ಕಡೆಗೆ ಸರಿಸಿ.

ಮೀಟರ್ ಬಿಚ್ಚೋದೇ ಅಂತಾದ್ರೆ

ಗಾಡಿಗೆ ಗಾಡಿಗೆ ಇದು ಬೇರೆ, ನಿಮ್ಮ ಮಾಡೆಲಿಂದು ಒಂದು ವಿಡಿಯೋ ನೋಡ್ಕೊಂಡೇ ಕೂರಿ. ಎಲ್ಲಾ ಗಾಡಿಗೂ ಹೊಂದೋ ಮಾತು ಇಷ್ಟು.

ಮೊದ್ಲು ಈಗಿನ ಕಿಲೋಮೀಟರ್ ಫೋಟೋ ತೆಗೆದಿಡಿ. ಕಿಟಕಿ ಒಂದು ಇಳಿಸಿ, ಕೀ ತೆಗೆದು ಜೇಬಿಗೆ ಹಾಕಿ, ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಸ್ಟೀರಿಯೋಗೆ ಕೋಡ್ ಇದ್ರೆ ಮೊದ್ಲೇ ಹುಡುಕಿಟ್ಕೊಳ್ಳಿ, ಬ್ಯಾಟರಿ ಬಿಚ್ಚಿದ ಮೇಲೆ ಕೆಲವು ಕೇಳ್ತವೆ. ಏರ್‌ಬ್ಯಾಗ್ ಇರೋ ಗಾಡಿಯಾದ್ರೆ ಮ್ಯಾನುಯಲ್ಲಿ ಬರೆದಷ್ಟು ಹೊತ್ತು ಕಾಯ್ಲೇಬೇಕು, ನಾನಂತೂ ಒಂದು ಚಾ ಕುಡಿದು ಬರ್ತೀನಿ. ಸ್ಟೇರಿಂಗ್ ಸುತ್ತ ಹಳದಿ ಕಪ್ಲರ್, ಹಳದಿ ಸ್ಲೀವಿನ ವೈರ್ ಕಂಡ್ರೆ ಅದು ಏರ್‌ಬ್ಯಾಗಿಂದು, ಕೈ ಹಾಕ್ಬೇಡಿ, ಟೆಸ್ಟ್ ಲ್ಯಾಂಪ್ ಅಂತೂ ತಾಗಿಸಲೇಬೇಡಿ.

ಸ್ಟೇರಿಂಗ್ ಕೆಳಗೆ ಇಳಿಸೋಕಾದ್ರೆ ಪೂರ್ತಿ ಇಳಿಸಿ, ಅದರ ಮೇಲೊಂದು ಹಳೇ ಪಂಚೆ ಹಾಸಿ. ಸುತ್ತಲಿನ ಚೌಕಟ್ಟು ಕೆಲವು ಕಡೆ ಸ್ಕ್ರೂ, ಕೆಲವು ಕಡೆ ಬರೇ ಕ್ಲಿಪ್ಪು. ಮೇಲಿನ ಅಂಚಿನ ಒಳಗೆ, ಕೆಳಗಿನಿಂದ ಬಗ್ಗಿ ನೋಡಿದ್ರೆ ಮಾತ್ರ ಕಾಣೋ ಹಾಗೆ ಎರಡು ಸ್ಕ್ರೂ ಅಡಗಿರ್ತವೆ. ಎಳೆದ್ರೆ ಬರ್ತಾ ಇಲ್ಲ ಅಂದ್ರೆ ಇನ್ನೂ ಒಂದು ಸ್ಕ್ರೂ ಇದೆ ಅಂತ ಅರ್ಥ, ಶಕ್ತಿ ಹಾಕ್ಬೇಡಿ. ನಾನು ಹಾಕಿದೆ. ಚಳಿಗೆ, ವಯಸ್ಸಿಗೆ ಪ್ಲಾಸ್ಟಿಕ್ ಒಣ ಹಪ್ಪಳದ ಹಾಗಾಗಿರ್ತದೆ, ಕಟಕ್ ಅಂದ್ರೆ ಮುಗೀತು. ಕಬ್ಬಿಣದ ಸ್ಕ್ರೂಡ್ರೈವರ್ ಬದ್ಲು ಪ್ಲಾಸ್ಟಿಕ್ ಪಟ್ಟಿ ಬಳಸಿ, ಇಲ್ಲಾ ತುದಿಗೆ ಟೇಪ್ ಸುತ್ತಿ.

ಸ್ಕ್ರೂ ಬಿಚ್ಚಿದ ಮೇಲೆ ಮೀಟರನ್ನ ನಿಮ್ಮ ಕಡೆಗೆ ನಾಲ್ಕು ಬೆರಳಿನಷ್ಟು ಮಾತ್ರ ಎಳೀರಿ, ಹಿಂದೆ ಕೈ ತೂರಿಸಿ ಕಪ್ಲರಿನ ನಾಲಿಗೆ ಒತ್ತಿ ಬಿಚ್ಚಿ. ವೈರ್ ಹಿಡಿದು ಎಳೀಬೇಡಿ. ಹಳೇ ಮಾರುತಿ 800, ಓಮ್ನಿ, ಅಂಬಾಸಿಡರ್ ಥರದ ಗಾಡಿಗಳಲ್ಲಿ ಹಿಂದೆ ಸ್ಪೀಡೋ ಕೇಬಲ್ ಕೂಡ ಇರ್ತದೆ, ಗೇರ್‌ಬಾಕ್ಸಿಂದ ಬರೋ ತಿರುಗೋ ಕೇಬಲ್ಲು, ಅದನ್ನ ಬಿಡಿಸದೆ ಎಳೆದ್ರೆ ಮೀಟರ್ ಬರೋದಿಲ್ಲ.

ಬಲ್ಬುಗಳು

ಮೀಟರ್ ತಿರುಗಿಸಿ ಮೇಜಿನ ಮೇಲೆ ಮೆತ್ತಗಿನ ಬಟ್ಟೆಯಲ್ಲಿಡಿ. ಹಳೇ ಮೀಟರಾದ್ರೆ ಬೆನ್ನಲ್ಲಿ ಸಣ್ಣ ಸಣ್ಣ ಪ್ಲಾಸ್ಟಿಕ್ ಹೋಲ್ಡರುಗಳು ಕಾಣ್ತವೆ. ಎಡಕ್ಕೆ ಕಾಲು ಸುತ್ತು ತಿರುಗಿಸಿದ್ರೆ ಕೈಗೆ ಬರ್ತವೆ, ಬಲ್ಬ್ ಎಳೆದ್ರೆ ಬರ್ತದೆ. ಗಾಜು ಕಪ್ಪಗಾಗಿದ್ರೆ, ಒಳಗಿನ ತಂತಿ ತುಂಡಾಗಿದ್ರೆ ಹೋಗಿದೆ. ಅನುಮಾನ ಇದ್ರೆ ಮಲ್ಟಿಮೀಟರಲ್ಲಿ ಕಂಟಿನ್ಯುಟಿ, ಅಂದ್ರೆ ತಂತಿ ತುಂಡಾಗದೆ ಇದೆಯಾ ಅಂತ ನೋಡಿ.

ಗಾತ್ರ ಎರಡು ಸಾಮಾನ್ಯ, ಸಣ್ಣದು ಟಿ5, ಅದಕ್ಕಿಂತ ದಪ್ಪ ಟಿ10. ಹಳೇ ಬಲ್ಬನ್ನೇ ಅಂಗಡಿಗೆ ತಗೊಂಡು ಹೋಗಿ, ಅದರ ಬುಡದಲ್ಲಿ ವ್ಯಾಟ್ ಬರೆದಿರ್ತದೆ, ಅಷ್ಟೇ ವ್ಯಾಟಿಂದು ತಗೊಳ್ಳಿ. ಜಾಸ್ತಿ ಬೆಳಕು ಬರ್ಲಿ ಅಂತ ದೊಡ್ಡ ವ್ಯಾಟ್ ಹಾಕಿದ್ರೆ ಬಿಸಿಗೆ ಹೋಲ್ಡರ್ ಕರಗ್ತದೆ, ಮೀಟರಿನ ಬಿಳಿ ಹಾಳೆ ಹಳದಿಯಾಗ್ತದೆ. ಒಂದು ಹೋಗಿದ್ರೂ ಬೆಳಕಿನ ಬಲ್ಬು ಎಲ್ಲವನ್ನೂ ಒಟ್ಟಿಗೇ ಬದಲಿಸಿ, ಎಲ್ಲದಕ್ಕೂ ವಯಸ್ಸು ಒಂದೇ, ಇನ್ನೆರಡು ತಿಂಗಳಿಗೆ ಮತ್ತೆ ಬಿಚ್ಚೋದು ಯಾರಿಗೆ ಬೇಕು.

ಎಲ್‌ಇಡಿ ಹಾಕಬಹುದಾ? ಹಾಕಬಹುದು, ಬಿಸಿ ಕಮ್ಮಿ. ಆದ್ರೆ ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ, ಹತ್ತದಿದ್ರೆ ಕೆಟ್ಟಿದೆ ಅಂತ ಎಸೀಬೇಡಿ, ತಿರುಗಿಸಿ ಹಾಕಿ. ಹಳೇ ಡಿಮ್ಮರ್ ಇದರ ಜೊತೆ ಸರಿ ಕೆಲಸ ಮಾಡೋದಿಲ್ಲ, ನೀಲಿ ಬಿಳಿ ಬೆಳಕು ರಾತ್ರಿ ಮಂಜಲ್ಲಿ ಕಣ್ಣಿಗೆ ಹೊಡೀತದೆ. ನಂಗೆ ಹಳೇ ಹಳದಿ ಬೆಳಕೇ ಇಷ್ಟ.

ಬ್ಯಾಟರಿ ಲೈಟಿನ ಬಲ್ಬ್ ಮಾತ್ರ ಬೇರೆ ಲೆಕ್ಕ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಳೇ ಗಾಡಿಗಳಲ್ಲಿ ಕೆಂಪು ಬ್ಯಾಟರಿ ಚಿಹ್ನೆಯ ಹಿಂದಿನ ಬಲ್ಬ್ ಬರೇ ಸೂಚನೆಗಲ್ಲ, ಆಲ್ಟರ್ನೇಟರಿಗೆ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ಶುರುವಿನ ಕರೆಂಟ್ ಅದರ ಮೂಲಕವೇ ಹೋಗ್ತದೆ. ಆ ಬಲ್ಬ್ ಹೋದ್ರೆ ಆಲ್ಟರ್ನೇಟರ್ ಸರಿಯಾಗಿ ಎದ್ದೇಳೋದಿಲ್ಲ, ಚಾರ್ಜ್ ಆಗೋದಿಲ್ಲ. ಅಂಕೋಲೆಯ ನನ್ನ ಗೆಳೆಯನ ಹಳೇ ವ್ಯಾನು ಹೀಗೇ, ಬ್ಯಾಟರಿ ಹೊಸದು ಹಾಕಿದ, ಆಲ್ಟರ್ನೇಟರ್ ಬಿಚ್ಚಿಸಿದ, ಕೊನೆಗೆ ನೋಡಿದ್ರೆ ಮೀಟರ್ ಒಳಗಿನ ಹತ್ತಿಪ್ಪತ್ತು ರೂಪಾಯಿ ಬಲ್ಬು. ಕೀ ಆನ್ ಮಾಡಿದಾಗ ಬ್ಯಾಟರಿ ಲೈಟ್ ಹತ್ತದೇ ಇದ್ರೆ ಮೊದ್ಲು ಅದನ್ನೇ ನೋಡಿ, ಅಲ್ಲಿಗೆ ಎಲ್‌ಇಡಿ ಹಾಕ್ಬೇಡಿ, ಅದು ಎಳೆಯೋ ಕರೆಂಟ್ ಸಾಲೋದಿಲ್ಲ.

ಆಯಿಲ್ ಲೈಟೂ ಅಷ್ಟೇ, ಕೀ ಆನ್ ಮಾಡಿದಾಗ ಹತ್ತಬೇಕು, ಸ್ಟಾರ್ಟ್ ಆದ್ಮೇಲೆ ಆರಬೇಕು. ಹತ್ತದೇ ಇರೋ ಆಯಿಲ್ ಲೈಟ್ ಕಂಡು "ನಮ್ದು ಒಳ್ಳೇ ಇಂಜಿನ್ನು" ಅಂದ್ಕೋಬೇಡಿ.

ಸಮುದ್ರದ ಗಾಳಿಯ ಗಾಡಿ

ಕಾರವಾರದಲ್ಲಿರೋ ನನ್ನ ತಮ್ಮನ ಮನೆ ಟಾಗೋರ್ ಬೀಚಿಂದ ದೂರ ಇಲ್ಲ, ಅವನ ಕಾರು ವರ್ಷಪೂರ್ತಿ ಉಪ್ಪು ಗಾಳಿ ಕುಡೀತಾ ನಿಂತಿರ್ತದೆ. ಅವನ ಮೀಟರಲ್ಲಿ ಬಲ್ಬ್ ಎಲ್ಲಾ ಸರಿ, ಫ್ಯೂಸ್ ಸರಿ, ಆದ್ರೂ ಎಡಗಡೆ ಅರ್ಧ ಕತ್ತಲು, ಡ್ಯಾಶ್‌ಬೋರ್ಡಿಗೆ ಒಂದು ಗುದ್ದು ಕೊಟ್ರೆ ಹತ್ತತಿತ್ತು. ಗುದ್ದಿಗೆ ಹತ್ತತದೆ ಅಂದ್ರೆ ಕಾಂಟ್ಯಾಕ್ಟಿನ ತೊಂದ್ರೆ.

ಹಳೇ ಮೀಟರಿನ ಬೆನ್ನಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿರ್ತದೆ, ಅದರೊಳಗೆ ತಾಮ್ರದ ಗೆರೆಗಳು. ಹೋಲ್ಡರಿನ ಕಾಲು ಆ ಗೆರೆಗೆ ತಾಗಿಯೇ ಕರೆಂಟ್ ಬರೋದು. ಉಪ್ಪು ತೇವಕ್ಕೆ ಅಲ್ಲಿ ಹಸಿರು ಇಲ್ಲಾ ಕಪ್ಪು ಪೊರೆ ಕಟ್ತದೆ. ಪೆನ್ಸಿಲ್ ಅಳಿಸೋ ರಬ್ಬರಿಂದ ಮೆತ್ತಗೆ ಉಜ್ಜಿದ್ರೆ ತಾಮ್ರ ಹೊಳೀತದೆ. ಮರಳು ಕಾಗದ ಬೇಡ, ಗೆರೆ ಸವೆದು ಹೋಗ್ತದೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಚ್ಚಿ ಒರೆಸಿ ಒಣಗಿಸಿ. ಹೋಲ್ಡರಿನ ಕಾಲು ಚಪ್ಪಟೆಯಾಗಿದ್ರೆ ಚೂರೇ ಚೂರು ಮೇಲಕ್ಕೆತ್ತಿ. ತಮ್ಮನ ಮೀಟರಲ್ಲಿ ನಾಲ್ಕು ಹೋಲ್ಡರ್ ಹೀಗೆ ಮಾಡಿದ್ವಿ, ಅಷ್ಟಕ್ಕೇ ಸರಿಯಾಯ್ತು, ಒಂದು ಪೈಸೆ ಖರ್ಚಿಲ್ಲ.

ಮುಂದಿನ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಪೆಟ್ರೋಲು, ಥಿನ್ನರ್ ಯಾವುದೂ ಸೋಕಬಾರ್ದು, ಮಂಜು ಮಂಜಾಗಿ ಬಿರೀತದೆ. ಮುಳ್ಳು ಮುಟ್ಬೇಡಿ, ಜಾಗ ತಪ್ಪಿದ್ರೆ ಸ್ಪೀಡ್ ಸುಳ್ಳು ತೋರಿಸ್ತದೆ.

ಬಲ್ಬೂ ಸರಿ, ಪೊರೆಯೂ ಇಲ್ಲ ಅಂದ್ರೆ

ಕಪ್ಲರಿಗೆ ಕರೆಂಟ್ ಬರ್ತಾ ಇದೆಯಾ ನೋಡ್ಬೇಕು. ಬ್ಯಾಟರಿ ವಾಪಸ್ ಹಾಕಿ, ಕೀ ಹಾಕ್ಬೇಡಿ, ಯಾಕಂದ್ರೆ ಮೀಟರ್ ಇಲ್ದೆ ಕೀ ಆನ್ ಮಾಡಿದ್ರೆ ಕೆಲವು ಗಾಡಿಯಲ್ಲಿ ಏರ್‌ಬ್ಯಾಗ್ ಎಚ್ಚರಿಕೆ ಉಳ್ಕೊಳ್ತದೆ. ಬಹಳ ಗಾಡಿಯಲ್ಲಿ ಪಾರ್ಕಿಂಗ್ ಲೈಟ್ ಕೀ ಇಲ್ದೆಯೂ ಹತ್ತತದೆ, ಅಷ್ಟು ಸಾಕು. ಮಲ್ಟಿಮೀಟರಿನ ಕಪ್ಪು ಕಡ್ಡಿ ಬಾಡಿಗೆ, ಕೆಂಪು ಕಡ್ಡಿ ಕಪ್ಲರಿನ ಒಂದೊಂದೇ ಪಿನ್ನಿಗೆ. ಪಾರ್ಕಿಂಗ್ ಲೈಟ್ ಆಫ್ ಇದ್ದಾಗ ಸೊನ್ನೆ, ಆನ್ ಮಾಡಿದಾಗ 12 ಬರೋ ಪಿನ್ ಸಿಕ್ಕಿದ್ರೆ ಅದೇ ಬೆಳಕಿನ ವೈರು. ದಪ್ಪ ಕಡ್ಡಿ ಪಿನ್ ಒಳಗೆ ತುರುಕ್ಬೇಡಿ, ಬಾಯಿ ಅಗಲವಾಗಿ ಹೊಸ ತೊಂದ್ರೆ ಶುರುವಾಗ್ತದೆ, ಹಿಂದಿನಿಂದ ಗುಂಡುಸೂಜಿ ಹಾಕಿ ಅದಕ್ಕೆ ತಾಗಿಸಿ.

12 ಬಂತು, ಆದ್ರೂ ಹತ್ತತಿಲ್ಲ ಅಂದ್ರೆ ಅರ್ಥ್ ನೋಡಿ. ಅರ್ಥ್ ವೈರ್ ಸಾಮಾನ್ಯವಾಗಿ ಕಪ್ಪು, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಎಲ್ಲೋ ಬಾಡಿಗೆ ಬೋಲ್ಟ್ ಹಾಕಿರ್ತಾರೆ, ತುಕ್ಕು ಕೆರೆದು ಗಟ್ಟಿ ಮಾಡಿ. 12 ಬರ್ಲೇ ಇಲ್ಲ ಅಂದ್ರೆ ಡಿಮ್ಮರಿಗೆ ಒಳಗೆ ಎಷ್ಟು ಹೊರಗೆ ಎಷ್ಟು ನೋಡಿ, ಒಳಗೆ ಬಂದು ಹೊರಗೆ ಬರದಿದ್ರೆ ಡಿಮ್ಮರ್ ಸತ್ತಿದೆ. ಈಗಿನ ಗಾಡಿಗಳಲ್ಲಿ ಈ ಆಟ ನಡೆಯೋದಿಲ್ಲ, ಲೈಟ್ ಆನ್ ಆಯ್ತು ಅನ್ನೋ ಸುದ್ದಿ ಡೇಟಾ ವೈರಲ್ಲಿ ಹೋಗ್ತದೆ, ಬೇರೆ ವೈರೇ ಇರೋದಿಲ್ಲ, ಅದಕ್ಕೆ ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಬೇಕು.

ಕೈ ಬಿಡೋ ಜಾಗ

ಹಿಂದೆ ಹೋಲ್ಡರ್ ಇಲ್ದೆ ಬೋರ್ಡ್ ಮೇಲೆ ಅಕ್ಕಿ ಕಾಳಿಗಿಂತ ಸಣ್ಣ ಎಲ್‌ಇಡಿ ಬೆಸುಗೆ ಹಾಕಿರೋ ಮೀಟರ್ ಆದ್ರೆ ಮನೇಲಿ ಕೈ ಹಾಕ್ಬೇಡಿ, ಮೀಟರ್ ರಿಪೇರಿ ಮಾಡೋರ ಹತ್ರ ಬರೇ ಮೀಟರ್ ಬಿಚ್ಚಿ ತಗೊಂಡು ಹೋಗಿ. ಸೆಕೆಂಡ್‌ಹ್ಯಾಂಡ್ ಮೀಟರ್ ತಂದು ಹಾಕ್ತೀನಿ ಅನ್ನೋರಿಗೆ ಎರಡು ಮಾತು. ಕೆಲವು ಗಾಡಿಯಲ್ಲಿ ಕೀಯ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ದೆ ಇಂಜಿನ್ ಸ್ಟಾರ್ಟ್ ಆಗದಂಗೆ ತಡೆಯೋದು) ಮೀಟರಿಗೇ ಜೋಡಿಸಿರ್ತದೆ, ಬೇರೆ ಮೀಟರ್ ಹಾಕಿದ್ರೆ ಗಾಡಿ ಸ್ಟಾರ್ಟೇ ಆಗೋದಿಲ್ಲ. ಇನ್ನೊಂದು, ಕಿಲೋಮೀಟರ್ ಬೇರೆ ತೋರಿಸ್ತದೆ, ಮೊದ್ಲು ತೆಗೆದ ಫೋಟೋ ಮತ್ತು ಬಿಲ್ ಇಟ್ಕೊಳ್ಳಿ, ಮಾರುವಾಗ ತಗೊಳ್ಳೋರಿಗೆ ತೋರಿಸಿ.

ವಾಪಸ್ ಕೂರಿಸುವಾಗ

ಸ್ಕ್ರೂ ಹಾಕೋ ಮುಂಚೆ ಬ್ಯಾಟರಿ ಬಿಚ್ಚಿದ್ದಾಗಲೇ ಕಪ್ಲರ್ ಟಿಕ್ ಅನ್ನೋ ತನಕ ಒತ್ತಿ, ಆಮೇಲೆ ಬ್ಯಾಟರಿ ಹಾಕಿ, ಪಾರ್ಕಿಂಗ್ ಲೈಟ್ ಹಾಕಿ ಮೀಟರ್ ಪೂರ್ತಿ ಬೆಳಗ್ತಾ ನೋಡಿ. ಆಮೇಲೆ ಕೀ ಆನ್ ಮಾಡಿ ಎಚ್ಚರಿಕೆ ದೀಪ ಒಂದೊಂದೂ ಎಣಿಸಿ, ಇಂಡಿಕೇಟರ್, ಹೈ ಬೀಮ್, ಹ್ಯಾಂಡ್‌ಬ್ರೇಕ್ ದೀಪನೂ ನೋಡಿ. ಎಲ್ಲಾ ಸರಿ ಇದ್ರೆ ಸ್ಕ್ರೂ ಹಾಕಿ, ಪ್ಲಾಸ್ಟಿಕ್ಕಿಗೆ ಹೋಗೋ ಸ್ಕ್ರೂ ಕೈಯಲ್ಲೇ ಬಿಗಿ ಮಾಡಿ, ಜಾಸ್ತಿ ತಿರುಗಿಸಿದ್ರೆ ತೂತು ಹಾಳಾಗ್ತದೆ. ಕೊನೆಗೆ ಇಳಿದು ಇನ್ನೊಂದ್ಸಲ ಹಿಂದೆ ಹೋಗಿ ಕೆಂಪು ಎರಡೂ ಹತ್ತಿದೆಯಾ ನೋಡ್ಕೊಂಡು ಬನ್ನಿ.

ನಾನು ಮುರಿದ ಕ್ಲಿಪ್ಪಿನ ತುಂಡು ಡ್ಯಾಶ್‌ಬೋರ್ಡ್ ಒಳಗೆ ಎಲ್ಲೋ ಬಿದ್ದಿದೆ, ಇವತ್ತಿಗೂ ಸಿಕ್ಕಿಲ್ಲ. ತೋಟದ ರಸ್ತೆಯಲ್ಲಿ ಹೊಂಡ ಬಂದಾಗೆಲ್ಲ ಟಕ್ ಟಕ್ ಅಂತದೆ, ಭಾವ ಪಕ್ಕದಲ್ಲಿದ್ರೆ ನನ್ನ ಮುಖ ನೋಡಿ, "ಈರುಳ್ಳಿದೇ ತಪ್ಪಾ?" ಅಂತಾರೆ.